ಉತ್ತರಕ್ಕೆ ಬಿಟ್ಟ ಜಾಗ

ಸೂಡಿ
೨೨ ಜೂನ್ ೨೦೨೪

ರಾಘಣ್ಣಮಾಮಾ,

ನಮಸ್ಕಾರವನ್ನು ಕೊನೆಗೆ ಹೇಳುತ್ತೇನೆ, ಮೊದಲು ಜಗಳ.

ನೆರಳಿನ ಪಾಠದ ವಿಡಿಯೋ ಬಂತು. ಮೂರು ನಿಮಿಷದ್ದನ್ನು ಎರಡೂವರೆ ನಿಮಿಷಕ್ಕೆ ಇಳಿಸಿದ್ದೀಯ. ನಾನು ಸುಮ್ಮನೆ ನಿಂತ ಕಡೆಯೆಲ್ಲ ಕತ್ತರಿ ಆಡಿಸಿದ್ದೀಯ, ಕತ್ತರಿಸಲಾಗದ ಕಡೆ ಶಹನಾಯಿ ತುಂಬಿದ್ದೀಯ. "ಮಧ್ಯಾಹ್ನ ನೆರಳು ಏಕೆ ಚಿಕ್ಕದಾಗುತ್ತದೆ?" ಎಂದು ನಾನು ಕೇಳಿದ ಕೂಡಲೇ ಅಕ್ಷತೆ ಬೀಳುವ ಹೊತ್ತಿನ ವಾದ್ಯ ಶುರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೂವತ್ತು ವರ್ಷ ನರಗುಂದದ ಮದುವೆಗಳನ್ನೆಲ್ಲ ಚಿತ್ರಿಸಿದವನಿಗೆ ಸುಮ್ಮನಿರುವುದೆಂದರೆ ತಪ್ಪು ಅನಿಸಬಹುದು. ನನಗೆ ಅದೇ ಪಾಠ.

ಇನ್ನೊಮ್ಮೆ ವಿವರಿಸುತ್ತೇನೆ. ಸೂಡಿಯಿಂದ ಎರಡು ಮೈಲಿ ಆಚೆಗಿರುವ ನಮ್ಮ ಸಾಲಿಯಲ್ಲಿ ಇರುವ ಇಬ್ಬರು ಶಿಕ್ಷಕರೇ ಏಳು ತರಗತಿ ನೋಡಬೇಕು. ನಾನು ಸಣ್ಣವರಿಗೆ ಅಕ್ಷರ ತಿದ್ದಿಸುವಾಗ ಆಚೆ ಕೋಣೆಯಲ್ಲಿ ಏಳನೆಯ ತರಗತಿಯ ಇಪ್ಪತ್ತೆರಡು ಮಕ್ಕಳಿಗೆ ಟಿವಿಯೊಳಗಿನ ನಮ್ರತಾ ವಿಜ್ಞಾನ ಕಲಿಸುತ್ತಾಳೆ. ಅವಳು ಒಂದೊಂದು ಪ್ರಶ್ನೆ ಕೇಳಿ ಆರು ಸೆಕೆಂಡ್ ಸುಮ್ಮನೆ ನೋಡುತ್ತಾಳೆ. ಆ ಆರು ಸೆಕೆಂಡ್ ಮಕ್ಕಳದು. ಪ್ರಶ್ನೆಪತ್ರಿಕೆಯಲ್ಲಿ ಉತ್ತರಕ್ಕೆ ಜಾಗ ಬಿಡುತ್ತಾರಲ್ಲ, ಹಾಗೆ. ಆ ಜಾಗದಲ್ಲಿ ನೀನು ರಂಗೋಲಿ ಹಾಕಬೇಡ.

ನಾನು ಚಿತ್ರಿಸಿದ ಹೊಸ ಪಾಠದ ಮೆಮೊರಿ ಕಾರ್ಡನ್ನು ಪರಶು ಕೈಯಲ್ಲಿ ಕಳಿಸಿದ್ದೇನೆ. ಅವನು ದಿನಾ ಗಜೇಂದ್ರಗಡದಿಂದ ನರಗುಂದಕ್ಕೆ ಕೆಲಸಕ್ಕೆ ಬರುತ್ತಾನೆ, ತಪ್ಪದೆ ಮುಟ್ಟಿಸುತ್ತಾನೆ.

ಈಗ ನಮಸ್ಕಾರ.
ನಿನ್ನ ಸೊಸೆ ನಮ್ರತಾ


ನರಗುಂದ
೨೭ ಜೂನ್ ೨೦೨೪

ನಮ್ರತಾ,

ಆಶೀರ್ವಾದ. ನಿನ್ನಷ್ಟು ಸಿಟ್ಟು ನನ್ನ ಒಡಹುಟ್ಟಿದ ನಿನ್ನ ತಾಯಿಗೂ ಇರಲಿಲ್ಲ.

ತಪ್ಪಾಯಿತು. ಈ ಸಲ ಆರು ಸೆಕೆಂಡ್ ಅಂದರೆ ಆರು ಸೆಕೆಂಡ್, ಗಡಿಯಾರ ಇಟ್ಟು ಬಿಟ್ಟಿದ್ದೇನೆ. ನನ್ನ ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ. ಅದಕ್ಕೇ ಫೋನು ಬೇಡ, ಕಾರ್ಡಿನ ಜೊತೆ ಕಾಗದ ಬರೆ ಎಂದು ನಿನ್ನನ್ನು ಕಾಡುವುದು. ನಾನು ಸದ್ದನ್ನು ಈಗ ಕಣ್ಣಿನಿಂದ ನೋಡುತ್ತೇನೆ. ಪರದೆಯ ಕೆಳಗೆ ಒಂದು ಗೆರೆ ಓಡುತ್ತದೆ. ನೀನು ಮಾತಾಡಿದರೆ ಅದು ಏಳುತ್ತದೆ, ಸುಮ್ಮನಾದರೆ ಮಲಗುತ್ತದೆ. ನಿನ್ನ ಆರು ಸೆಕೆಂಡ್ ಈಗ ಸಪಾಟು ಮಲಗಿವೆ, ನಮ್ಮ ಎರೆಹೊಲದ ಹಾಗೆ.

ಕಿವಿಯ ಯಂತ್ರ ಹಾಕಿಕೊಳ್ಳುತ್ತೀಯಾ ಎಂದು ಕೇಳಬೇಡ. ಅದು ಪೆಟ್ಟಿಗೆಯಲ್ಲಿ ಕ್ಷೇಮವಾಗಿದೆ. ಮದುವೆಮನೆಯಲ್ಲಿ ಜನ ಏನು ಹೇಳಿದರೂ "ಹೂಂ, ಹೂಂ" ಅನ್ನುತ್ತೇನೆ, ಎಲ್ಲರಿಗೂ ಸಮಾಧಾನ. ವಿಡಿಯೋ ನಿನ್ನ ಚಾನೆಲ್‌ಗೂ ಏರಿಸಿದ್ದೇನೆ. ಇನ್ನು ಊರಿಗೂರೇ ನೋಡಲಿ.

ರಾಘಣ್ಣಮಾಮಾ


ಸೂಡಿ
೩ ಆಗಸ್ಟ್ ೨೦೨೪

ಮಾಮಾ,

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಆ ಆರು ಸೆಕೆಂಡಿನಲ್ಲಿ ಯಾವುದಾದರೂ ಹುಡುಗಿಯ ದನಿ ಸೇರಿಸಿದ್ದೀಯಾ? ತಮಾಷೆಗಾದರೂ?

ಹೋದ ವಾರ ಬೇರಿನ ಪಾಠ ಮುಗಿದ ಮೇಲೆ ಯಮನೂರ ಎಂಬ ಹುಡುಗ ಬಂದು, "ಅಕ್ಕಾರ, ಇವತ್ತ ರಾಜಿನೂ ಬರೋಬ್ಬರಿ ಹೇಳಿದ್ಳ್ರಿ" ಅಂದ. ಯಾವ ರಾಜಿ ಎಂದೆ. "ರಾಜೇಶ್ವರಿರೀ. ಟಿವಿಯಾಗ."

ರಾಜೇಶ್ವರಿ ಹೋದ ವರ್ಷ ಇದೇ ಮಕ್ಕಳ ಜೊತೆ ನನ್ನ ತರಗತಿಯಲ್ಲಿದ್ದಳು. ತಾಯಿ ಇಲ್ಲದ ಹುಡುಗಿ, ಜಾಣೆ. ಬೇಸಿಗೆ ರಜೆಯಲ್ಲಿ ಅಪ್ಪ ಗವಿಸಿದ್ದಪ್ಪ ಕಟ್ಟಡದ ಕೆಲಸಕ್ಕೆ ಸಮುದ್ರದ ಕಡೆ ಹೋಗುವಾಗ ಕರೆದುಕೊಂಡು ಹೋದ. ಮರಳಿ ಅವನೊಬ್ಬನೇ ಬಂದ. ಅಲ್ಲಿ ಯಾರದೋ ಚಲೋ ಮನೆಯಲ್ಲಿ ಕೂಸು ಆಡಿಸಲು ಬಿಟ್ಟು ಬಂದಿದ್ದೇನೆ, ಸಾಲಿಗೂ ಹಾಕುತ್ತಾರೆ ಅಂದ. ನಾನು ಎರಡು ಸಲ ಜಗಳ ಮಾಡಿ, ಮೇಲಿನವರಿಗೆ ಒಂದು ಅರ್ಜಿ ಬರೆದು ಸುಮ್ಮನಾದೆ. ಸುಮ್ಮನಾದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಮರುದಿನ ನಾನೇ ಬಾಗಿಲಲ್ಲಿ ನಿಂತು ನೋಡಿದೆ. ಟಿವಿಯೊಳಗಿನ ನಾನು ಪ್ರಶ್ನೆ ಕೇಳಿದೆ. ಮಕ್ಕಳು ಕೂಗಿ ಉತ್ತರ ಹೇಳಿದರು. ಮತ್ತೆ ಎಲ್ಲರೂ ಒಮ್ಮೆಲೇ ಸುಮ್ಮನಾಗಿ, ತಡವಾಗಿ ಎದ್ದು ನಿಂತ ಗೆಳತಿಯ ಕಡೆ ನೋಡುವ ಹಾಗೆ ಕತ್ತು ಹೊರಳಿಸಿದರು. ಇಬ್ಬರು ತಲೆಯಾಡಿಸಿದರು. ನನಗೆ ಏನೂ ಕೇಳಿಸಲಿಲ್ಲ. ಮೂರನೆಯ ಬೆಂಚಿನ ತುದಿಯಲ್ಲಿ ಒಬ್ಬಳು ಕೂರುವಷ್ಟು ಜಾಗ ಖಾಲಿ ಇತ್ತು. ಯಾರೂ ಅಲ್ಲಿ ಕೂರುವುದಿಲ್ಲವಂತೆ. ಯಾಕೆ ಎಂದು ಕೇಳಿದರೆ, "ಅಕಿ ಬರ್ತಾಳಲ್ರಿ" ಅಂದರು.

ನಾನು ವಿಜ್ಞಾನ ಕಲಿಸುವವಳು, ದೆವ್ವ ಬಿಡಿಸುವವಳಲ್ಲ. ಆದರೆ ಅವತ್ತು ಆ ಬೆಂಚಿನ ಹತ್ತಿರ ನಾನು ಹೋಗಲಿಲ್ಲ.

ನಮ್ರತಾ


ನರಗುಂದ
೮ ಆಗಸ್ಟ್ ೨೦೨೪

ನಮ್ರತಾ,

ದೇವರಾಣೆ, ಏನೂ ಸೇರಿಸಿಲ್ಲ. ಐದೂ ವಿಡಿಯೋ ತೆಗೆದು, ಪ್ರತಿ ಆರು ಸೆಕೆಂಡನ್ನೂ ಹಿಗ್ಗಿಸಿ ನೋಡಿದೆ. ಗೆರೆ ಮಲಗಿದೆ. ಒಂದು ಸೊಳ್ಳೆ ಹಾರಿದರೂ ಗೆರೆ ಅಲುಗುತ್ತದೆ, ಇದು ಅಲುಗಿಲ್ಲ. ಪಕ್ಕದ ಅಂಗಡಿಯ ಆರಿಫನನ್ನು ಕರೆದು ಕೇಳಿಸಿದೆ, ಅವನಿಗೂ ಏನೂ ಇಲ್ಲ. "ನಿಮ್ಮ ಸೊಸಿ ಸುಮ್ನ ನಿಂತಾರಲ್ರಿ ಕಾಕಾ, ಕ್ಯಾಮೆರಾ ಆಫ್ ಮಾಡೋದ ಮರತ್ರೇನು?" ಎಂದು ನನ್ನನ್ನೇ ಕೇಳಿದ.

ಮಕ್ಕಳು ಹುಡುಗಾಟ ಆಡುತ್ತಿರಬಹುದು. ಹತ್ತು ಮಂದಿ ಹಾವು ಅಂದರೆ ಹಗ್ಗವೂ ಹರಿಯುತ್ತದೆ.

ಆದರೂ ನೀನು ಸಂಜೆ ಒಬ್ಬಳೇ ಸಾಲಿಯಲ್ಲಿ ಉಳಿಯಬೇಡ.

ರಾಘಣ್ಣಮಾಮಾ


ಸೂಡಿ
೬ ಸೆಪ್ಟೆಂಬರ್ ೨೦೨೪

ಮಾಮಾ,

ಸುದ್ದಿ ಕರೆವ್ವನ ಕಿವಿಗೆ ಬಿದ್ದಿದೆ. ಕರೆವ್ವ ರಾಜೇಶ್ವರಿಯ ಅಜ್ಜಿ. ಮೊನ್ನೆ ಬೆಳಿಗ್ಗೆ ನಾನು ಕೋಣೆ ತೆರೆದಾಗ ಟಿವಿಯ ಮುಂದೆ ಮುತ್ತಲದೆಲೆ, ಅದರಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ತುಂಡು. ಕಿಟಕಿಯಿಂದ ಕೈ ತೂರಿಸಿ ಇಟ್ಟಿದ್ದಾಳೆ. ಎಡೆ, ಮಾಮಾ. ಸತ್ತವರಿಗೆ ಇಡುವ ಎಡೆ!

ನನಗೆ ತಲೆಕೆಟ್ಟು ಅವಳ ಮನೆಗೇ ಹೋದೆ. ಬದುಕಿರುವ ಹುಡುಗಿಗೆ ಎಡೆ ಇಡುತ್ತೀಯಾ ಎಂದೆ. ಮುದುಕಿ ಅಳಲಿಲ್ಲ. "ಇದ್ದಾರು ಹಿಂಗ ಬಂದ ಮಾತಾಡ್ತಾರೇನ್ ಅಕ್ಕಾರ? ನನಗೇನ ಕೇಳಂಗಿಲ್ಲ. ಹುಡುಗರ ಮಾರಿ ನೋಡಿದ್ರ ತಿಳೀತೈತಿ. ಮಾನೌಮಿ ಅಮಾಸಿಗೆ ಹಿರೇರ ಜೋಡಿ ಅಕಿ ಹೆಸರ್ಲೆನೂ ಒಂದ ಎಡಿ ಹಿಡೀತೀನಿ. ಕೂಸು ಹಸಗೊಂಡ ತಿರಗಬಾರದು."

ಮೂಲೆಯಲ್ಲಿ ಗವಿಸಿದ್ದಪ್ಪ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ನನ್ನ ಹಿಂದೆಯೇ ಬಂದು ದಾರಿಯಲ್ಲಿ ಬಾಯಿ ಬಿಟ್ಟ. ಅವನಿಗೆ ಆ ಮನೆಯೇ ಗೊತ್ತಿಲ್ಲ! ಕೂಲಿಯವರನ್ನು ಒದಗಿಸುವ ಮುಕಾದಮನೊಬ್ಬ ಹುಡುಗಿಯನ್ನು ಕಾರಿನಲ್ಲಿ ಕರೆದೊಯ್ದ, ವಾರಕ್ಕೊಮ್ಮೆ ಮಾತಾಡಿಸುತ್ತೇನೆ ಎಂದ, ಎರಡು ವಾರಕ್ಕೆ ಅವನ ನಂಬರೇ ಬಂದ್ ಆಯಿತು. "ಹುಡುಕಿದ್ನಿರಿ. ಸಿಗಲಿಲ್ಲ. ಅವ್ವಗ ಹ್ಯಾಂಗ ಹೇಳ್ಲಿ?" ಎಂದು ರಸ್ತೆಯಲ್ಲೇ ಕುಸಿದು ಕೂತ. ಹೊಡೆಯಬೇಕು ಅನಿಸಿತು. ಹೊಡೆಯಲಿಲ್ಲ.

ಅಮಾವಾಸ್ಯೆಗೆ ಎಡೆ ಹಿಡಿದರೆ ಮುಗಿಯಿತು. ಊರಿನ ಪಾಲಿಗೆ ಅವಳು ಸತ್ತಳು, ಮತ್ತೆ ಯಾರೂ ಹುಡುಕುವುದಿಲ್ಲ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ ಎರಡಕ್ಕೆ.

ಇನ್ನು ಮುಖ್ಯ ಮಾತು. ನಿನ್ನೆ ಆವಿಯಾಗುವ ಪಾಠ ಹಾಕಿದ್ದೆ. "ಒಗೆದ ಬಟ್ಟೆ ಒಣಗಲು ನಿಮ್ಮ ಮನೆಯಲ್ಲಿ ಎಷ್ಟು ಹೊತ್ತು ಬೇಕು?" ಎಂಬುದು ಪ್ರಶ್ನೆ. ನಮ್ಮ ಗಾಳಿಗೆ ಹೆಚ್ಚೆಂದರೆ ಒಂದು ತಾಸು. ಮಕ್ಕಳೂ ಹಾಗೇ ಕೂಗಿದರು, ಆಮೇಲೆ ಕತ್ತು ಹೊರಳಿಸಿದರು, ಮತ್ತೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾಕೆ ನಗುತ್ತೀರಿ ಎಂದೆ. "ರಾಜಿ ತಪ್ಪ ಹೇಳಿದ್ಳ್ರಿ. ಎರಡ ದಿನಾ ಬೇಕು, ಇಲ್ಲಿ ಅರಬಿ ಒಣಗಂಗಿಲ್ಲ, ವಾಸನಿ ಹಿಡೀತಾವು ಅಂತಾಳ."

ಮಾಮಾ, ಅದು ತಪ್ಪಲ್ಲ. ಮಳೆಗಾಲದಲ್ಲಿ ಸಮುದ್ರದ ದಂಡೆಯಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕೇ ಬೇಕು. ನಮ್ಮ ಊರು ಬಿಟ್ಟು ಬೇರೇನೂ ಗೊತ್ತಿಲ್ಲದ ಈ ಮಕ್ಕಳಿಗೆ ಅಂಥ ಉತ್ತರ ಕಟ್ಟಲು ಬರುವುದಿಲ್ಲ. ಸತ್ತವರು ಬಟ್ಟೆ ಒಗೆಯುವುದೂ ಇಲ್ಲ.

ಅವಳು ಎಲ್ಲೋ ಕೂತು ನನ್ನ ವಿಡಿಯೋ ನೋಡುತ್ತಿದ್ದಾಳೆ. ನಾನು ಕೇಳುತ್ತೇನೆ, ಅವಳು ಉತ್ತರಿಸುತ್ತಾಳೆ. ಅದು ಇಲ್ಲಿಗೆ ಹೇಗೆ ಬರುತ್ತದೆ ಎಂದು ಕೇಳಬೇಡ. ನನಗೆ ಭಯವಾಗುತ್ತಿದೆ, ಸಂತೋಷವೂ ಆಗುತ್ತಿದೆ.

ನಮ್ರತಾ


ನರಗುಂದ
೧೧ ಸೆಪ್ಟೆಂಬರ್ ೨೦೨೪

ನಮ್ರತಾ,

ನಾಲ್ಕು ಸಲ ಓದಿದೆ. ಹಗಲು ಹೊತ್ತಿನಲ್ಲಿ, ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ಕೂತು ಓದಿದರೂ ಎದ್ದು ದೀಪ ಹಚ್ಚಿಕೊಂಡೆ.

ಹೇಗೆ ಎಂದು ನಾನು ಕೇಳುವುದಿಲ್ಲ. ಆದರೆ ಉತ್ತರ ಬರುತ್ತಿದೆ ಎಂದ ಮೇಲೆ ನೆರಳು, ಬೇರು, ಬಟ್ಟೆ ಎಂದು ಏಕೆ ಕೇಳುತ್ತಾ ಕೂತಿದ್ದೀಯ? ಬೇಕಾದದ್ದನ್ನು ಕೇಳು. ಆ ಮನೆಯವರು ನೋಡಿದರೂ ಅನುಮಾನ ಬರದ ಹಾಗೆ, ಪಾಠದ ಹಾಗೇ ಕೇಳು. ನೀನು ಎಷ್ಟು ಸೆಕೆಂಡ್ ಅನ್ನುತ್ತೀಯೋ ಅಷ್ಟು ಬಿಡುತ್ತೇನೆ. ಮಾರುದ್ದದ ಜಾಗ ಬೇಕೆಂದರೂ ಬಿಡುತ್ತೇನೆ.

ರಾಘಣ್ಣಮಾಮಾ


ಸೂಡಿ
೨೮ ಸೆಪ್ಟೆಂಬರ್ ೨೦೨೪

ಮಾಮಾ,

ಪ್ರಯೋಗ ಆಯಿತು.

ನೀನು ಇಪ್ಪತ್ತನೆಯ ತಾರೀಕು ಚಾನೆಲ್‌ಗೆ ಏರಿಸಿದ ವಿಡಿಯೋವನ್ನು ನಾನು ಐದು ದಿನ ತಡೆದು ತರಗತಿಯಲ್ಲಿ ಹಾಕಿದೆ, ಅವಳ ಕಣ್ಣಿಗೆ ಮೊದಲು ಬೀಳಲಿ ಎಂದು. ದಿಕ್ಕುಗಳ ಪಾಠ. ಎರಡೇ ಪ್ರಶ್ನೆ. ಒಂದು, ನಿಮ್ಮ ಮನೆಯಿಂದ ನೋಡಿದರೆ ಸೂರ್ಯ ಮುಳುಗುವ ಕಡೆ ಏನಿದೆ. ಎರಡು, ಕಿಟಕಿಯಿಂದ ಕಾಣುವ ಯಾವುದಾದರೂ ಫಲಕವನ್ನು ಒಂದೊಂದೇ ಅಕ್ಷರವಾಗಿ ಓದಿ. ಪ್ರತಿಯೊಂದಕ್ಕೂ ಇಪ್ಪತ್ತು ಸೆಕೆಂಡ್.

ಮಕ್ಕಳನ್ನು ಒಬ್ಬರ ಪುಸ್ತಕ ಒಬ್ಬರಿಗೆ ಕಾಣದಷ್ಟು ದೂರ ಕೂರಿಸಿದೆ. ಎಡಗೈ ಬಾಯಿಯ ಮೇಲೆ, ಬಲಗೈಯಲ್ಲಿ ಪೆನ್ಸಿಲ್. ಯಾರೂ ಮಾತಾಡಬಾರದು, ಕೇಳಿದ್ದನ್ನು ಬರೆಯಬೇಕು. ಟಿವಿಯೊಳಗಿನ ನಾನು ಪ್ರಶ್ನೆ ಕೇಳಿ ಸುಮ್ಮನಾದೆ. ಹೊರಗೆ ನಾನೂ ಸುಮ್ಮನೆ ನಿಂತಿದ್ದೆ. ಆಗ ಇಪ್ಪತ್ತೆರಡು ಪೆನ್ಸಿಲ್ ಒಟ್ಟಿಗೇ ಹಾಳೆಯ ಮೇಲೆ ಓಡಲು ಶುರುವಾದವು, ಒಟ್ಟಿಗೇ ನಿಂತವು. ನನಗೆ ಕೇಳಿಸಿದ್ದು ಪೆನ್ಸಿಲ್ ಸದ್ದು ಮಾತ್ರ.

ಪುಸ್ತಕ ಇಸಿದುಕೊಂಡು ನೋಡಿದೆ. ಇಪ್ಪತ್ತೆರಡರಲ್ಲೂ ಒಂದೇ. ಮುಳುಗುವ ಕಡೆ ಸಮುದ್ರ, ಈಚೆ ನೀಲಿ ಗೇಟು. ಅದರ ಕೆಳಗೆ, ಫಲಕದ್ದೆಂದು, ಇಂಗ್ಲಿಷಿನ ಒಂಬತ್ತು ಅಕ್ಷರ, ಯಾವುದೋ ಊರಿನ ಹೆಸರು. ಆ ಹೆಸರು ನಮ್ಮ ಮಕ್ಕಳ ಯಾವ ಪುಸ್ತಕದಲ್ಲೂ ಇಲ್ಲ. ನಾನೇ ನಕ್ಷೆಯಲ್ಲಿ ಹುಡುಕಬೇಕಾಯಿತು. ಗವಿಸಿದ್ದಪ್ಪನಿಗೆ ತೋರಿಸಿದರೆ, ಅವನು ಕೆಲಸ ಮಾಡುತ್ತಿದ್ದ ಕಟ್ಟಡದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯಂತೆ.

ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ದೂರು ಕೊಟ್ಟೆವು. ವಿಳಾಸ ಹೇಗೆ ಸಿಕ್ಕಿತು ಎಂದರು. ಹುಡುಗಿಯೇ ಯಾರದೋ ಫೋನಿನಿಂದ ಹೇಳಿದಳು ಎಂದೆ. ಪ್ರಯೋಗದ ವರದಿಯಲ್ಲಿ ಸುಳ್ಳು ಬರೆದದ್ದು ಇದೇ ಮೊದಲು.

ಕರೆವ್ವನ ಕಾಲು ಹಿಡಿದು ಎಡೆ ತಡೆದಿದ್ದೇನೆ. "ಅಮಾಸಿ ದಾಟಿ ಒಂದ ವಾರ ನೋಡ್ತೀನಿ" ಅಂದಿದ್ದಾಳೆ. ಆ ಊರಿನ ಕಡೆ ನೀನು ಮದುವೆ ಚಿತ್ರಿಸಲು ಹೋಗಿದ್ದೆಯಲ್ಲ, ದಾರಿ ಗೊತ್ತು. ಗವಿಸಿದ್ದಪ್ಪನ ಜೊತೆ ನೀನು ಹೋಗು, ಮಾಮಾ. ಅವನೊಬ್ಬನನ್ನೇ ನಂಬಲು ನನಗೆ ಧೈರ್ಯವಿಲ್ಲ.

ನಮ್ರತಾ


ನರಗುಂದ
೧೪ ಅಕ್ಟೋಬರ್ ೨೦೨೪

ನಮ್ರತಾ,

ಹುಡುಗಿ ಮನೆ ಮುಟ್ಟಿದ್ದು ನಿನಗೆ ಗೊತ್ತು, ಕರೆವ್ವ ಅವಳ ಮೈಯೆಲ್ಲ ಸವರಿ ಸವರಿ ನೋಡಿದ್ದನ್ನೂ ನೀನೇ ಕಂಡಿದ್ದೀಯ. ಅಲ್ಲಿ ನಡೆದದ್ದನ್ನು ಬರೆಯುತ್ತೇನೆ.

ನೀಲಿ ಗೇಟು ಇತ್ತು. ಎದುರಿನ ಫಲಕದ ಒಂಬತ್ತು ಅಕ್ಷರಗಳನ್ನು ನಾನೇ ಬೆರಳು ಮಾಡಿ ಓದಿದೆ. ಎರಡು ಅಂತಸ್ತಿನ ಮನೆ. ರಾಜೇಶ್ವರಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು, ಅಪ್ಪನನ್ನು ನೋಡಿ ಕೂಸನ್ನು ನೆಲಕ್ಕಿಳಿಸಲೂ ಮರೆತು ನಿಂತಳು. ಕೂಸಿಗೆ ಉಣಿಸುವಾಗ ಫೋನು ಹಚ್ಚಿ ಕೊಡುತ್ತಿದ್ದರಂತೆ, ಅದರಲ್ಲಿ ಇವಳು ನಿನ್ನ ಪಾಠ ಹಾಕಿಕೊಳ್ಳುತ್ತಿದ್ದಳಂತೆ. ಮನೆಯೊಡತಿ ಮಗಳ ಹಾಗೆ ನೋಡಿಕೊಂಡಿದ್ದೇವೆ ಅಂದಳು. ಮಗಳ ಕೈ ಹಾಗೆ ಒಡೆದಿರುವುದಿಲ್ಲ.

ಅಧಿಕಾರಿಗಳು ಮತ್ತು ಗವಿಸಿದ್ದಪ್ಪ ಒಳಗೆ ಕಾಗದಕ್ಕೆ ಸಹಿ ಹಾಕುವಾಗ ನಾನು ಗೇಟಿನ ಹತ್ತಿರ ಇದ್ದೆ. ಮನೆಯೊಡೆಯ ನಾಲ್ಕು ಹೆಜ್ಜೆ ಆಚೆ ನಿಂತಿದ್ದ. ಹುಡುಗಿ ನನ್ನ ಬಲಕ್ಕೆ ಬಂದು ತೋಳು ಜಗ್ಗಿ, ಮೇಲಿನ ಅಂತಸ್ತು ನೋಡುತ್ತಾ, ತುಟಿ ಮಾತ್ರ ಅಲುಗಿಸಿ ಏನೋ ಉದ್ದಕ್ಕೆ ಹೇಳಿದಳು. ಪಾಪ, ಏನು ಸಂಕಟವೋ. "ಹೂಂ, ಹೂಂ, ಆತವ್ವಾ" ಎಂದು ಬೆನ್ನು ಸವರಿದೆ. ಅವಳಿಗೆ ಸಮಾಧಾನವಾಯಿತು, ತೋಳು ಬಿಟ್ಟಳು. ಹೊರಟ ಮೇಲೆ ರೋಣದವರೆಗೂ ಕಾರಿನಲ್ಲಿ ನಿದ್ದೆ ಹೋದಳು.

ಮೂವತ್ತು ವರ್ಷದಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನು ಕಳಿಸಿಕೊಡುವುದನ್ನು ಚಿತ್ರಿಸಿದ್ದೇನೆ. ಒಬ್ಬಳನ್ನು ಮನೆಗೆ ಕರೆತಂದದ್ದು ಇದೇ ಮೊದಲು. ಕಣ್ಣು ತುಂಬಿ ಬಂತು.

ರಾಘಣ್ಣಮಾಮಾ


ಸೂಡಿ
೧೬ ನವೆಂಬರ್ ೨೦೨೪

ಮಾಮಾ,

ಇದನ್ನು ಕೂತು ಓದು.

ದೀಪಾವಳಿ ರಜೆ ಮುಗಿದ ಮೇಲೆ ಮೊನ್ನೆ ಮೊದಲ ವಿಡಿಯೋ ಹಾಕಿದೆ. ರಾಜೇಶ್ವರಿ ಮೂರನೆಯ ಬೆಂಚಿನ ತುದಿಯಲ್ಲಿ ತನ್ನ ಜಾಗದಲ್ಲೇ ಕೂತಿದ್ದಳು. ಪ್ರಶ್ನೆ ಬಂತು. ಇಪ್ಪತ್ತಮೂರೂ ಮಕ್ಕಳು ಕೂಗಿದರು. ನಾನು ನಿಟ್ಟುಸಿರು ಬಿಟ್ಟೆ.

ಆಮೇಲೆ ಎಲ್ಲರೂ ಕತ್ತು ಹೊರಳಿಸಿದರು.

ರಾಜೇಶ್ವರಿಯ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತು. ನಾನು ಕೇಳುವ ಮೊದಲೇ ಯಮನೂರ ಹೇಳಿದ, "ಇದ ಬ್ಯಾರೆ ಹುಡಗಿರಿ. 'ರಾಜಿ, ನೀ ಎಲ್ಲಿ ಹೋದಿ' ಅಂತ ಕೇಳಾಕತ್ತಾಳ."

"ಅಕಿ ಜಬೀನಾ ರೀ ಅಕ್ಕಾರ" ಎಂದು ರಾಜೇಶ್ವರಿ ಅಳತೊಡಗಿದಳು. "ಅಡಿಗಿಮನಿ ಕೆಲಸಕ್ಕ ಇದ್ಳು. ನಾನು ಅಕಿ ಕೂಡೇ ಪಾಠ ನೋಡ್ತಿದ್ವಿ. ಅವತ್ತ ಅಕಿನ್ನ ಮ್ಯಾಲಿನ ಖೋಲ್ಯಾಗ ಕೂಡಿ ಹಾಕಿದ್ರು. ನಾ ಅಜ್ಜಾರಿಗೆ ಹೇಳಿದ್ನಿರಿ. ಅವರು ಹೂಂ ಅಂದ್ರು. ಹಿಂದಿಂದ ಕರಕೊಂಡ ಬರ್ತಾರಂತ ತಿಳದಿದ್ನಿ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ಅಜ್ಜಾರು ಹೂಂ ಅಂದಿದ್ರಲ್ರಿ" ಎಂದು ಮತ್ತೆ ಅದನ್ನೇ ಹೇಳಿದಳು.

ನಿನಗೆ ನೋವಾಗಲೆಂದು ಬರೆಯುತ್ತಿಲ್ಲ, ಮಾಮಾ. ಮುಚ್ಚಿಟ್ಟರೆ ನನ್ನದೂ ತಪ್ಪಾಗುತ್ತದೆ. ನಾನು ಮಾತ್ರ ಏನು ಮಾಡಿದೆ? ಆ ಮನೆಯಲ್ಲಿ ಇನ್ನೂ ಯಾರಿದ್ದಾರೆ ಎಂದು ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಹುಡುಗಿ ಸಿಕ್ಕಳಲ್ಲ ಎಂದು ಕುಣಿದೆ.

ಅಧಿಕಾರಿಗಳು ನಿನ್ನೆ ಮತ್ತೆ ಹೋಗಿ ಬಂದರು. ನೀಲಿ ಗೇಟಿಗೆ ಬೀಗ. ಮನೆಯವರು ಊರು ಬಿಟ್ಟಿದ್ದಾರೆ, ಎಲ್ಲಿಗೆಂದು ಗೊತ್ತಿಲ್ಲ. ಫಲಕ ಓದು ಎಂದು ಜಬೀನಾಳಿಗೆ ಹೇಳುವ ಹಾಗಿಲ್ಲ. ಅವಳು ಒಂದು ದಿನವೂ ಸಾಲಿಗೆ ಹೋದವಳಲ್ಲ. ಅಕ್ಷರವೇ ಬರುವುದಿಲ್ಲ.

ಅದಕ್ಕೆ ವಿಜ್ಞಾನ ಸದ್ಯಕ್ಕೆ ನಿಲ್ಲಿಸಿದ್ದೇನೆ. ಈ ಕಾರ್ಡಿನಲ್ಲಿರುವುದು ಇಂಗ್ಲಿಷಿನ ಮೊದಲ ಅಕ್ಷರ, ಒಂದೇ ಒಂದು. ದಿನಕ್ಕೊಂದು ವಿಡಿಯೋ, ಇಪ್ಪತ್ತಾರು ದಿನ. ಆಮೇಲೆ ಕನ್ನಡದ್ದು. ಪ್ರತಿ ಅಕ್ಷರದ ನಂತರ ಹೇಳು ಎಂದು ಕೇಳಿ ಕಾಯುತ್ತೇನೆ. ಅವಳು ಕಲಿಯುವವರೆಗೂ ಆ ಫೋನು ಅವಳ ಕೈಗೆ ಸಿಗುತ್ತಿರಲಿ. ಅಷ್ಟು ದಿನ ಅವಳು ಕ್ಷೇಮವಾಗಿರಲಿ.

ನಮ್ರತಾ


ನರಗುಂದ
೯ ಡಿಸೆಂಬರ್ ೨೦೨೪

ನಮ್ರತಾ,

ನಿನ್ನ ಕಾಗದ ಬಂದ ದಿನದಿಂದ ಅಂಗಡಿಗೆ ಬೇರೆ ಕೆಲಸ ಹಿಡಿದಿಲ್ಲ. ಮದುವೆಯವರು ಬೈದು ಹೋದರು. ಹೋಗಲಿ. ಕಿವಿಯ ಯಂತ್ರ ಪೆಟ್ಟಿಗೆಯಿಂದ ಹೊರಗೆ ಬಂದಿದೆ. ಜನ ನಗುತ್ತಾರೆಂದು ನಾಚಿಕೊಂಡು ಅದನ್ನು ಮುಚ್ಚಿಟ್ಟವನು ನಾನು. ನನ್ನ ನಾಚಿಕೆಗೆ ಒಂದು ಕೂಸು ಅಲ್ಲೇ ಉಳಿಯಿತು. ಈ ಮಾತನ್ನು ಯಾರ ಮುಂದೆಯೂ ಹೇಳಲಾರೆ, ನಿನಗೆ ಬರೆಯಬಲ್ಲೆ.

ಇಪ್ಪತ್ತು ಅಕ್ಷರ ಏರಿಸಿದ್ದೇನೆ. ಏರಿಸಿ ಎರಡು ದಿನ ಬಿಟ್ಟು ನಾನೂ ಒಂದೊಂದನ್ನೇ ಹಾಕಿ ನೋಡುತ್ತೇನೆ. ಯಂತ್ರ ಹಾಕಿಕೊಂಡರೂ ನನ್ನ ಬಲಗಿವಿಗೆ ಏನೂ ದಕ್ಕುವುದಿಲ್ಲ, ಎಡಗಿವಿಗೆ ಸಣ್ಣ ದನಿ ಸಿಗುವುದಿಲ್ಲ. ಅದಕ್ಕೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂರುತ್ತೇನೆ. ನೀನು ಮಾತಾಡಿದರೆ ಅಂಗೈ ನಡುಗುತ್ತದೆ, ನೀನು ಸುಮ್ಮನಾದರೆ ತಣ್ಣಗಾಗುತ್ತದೆ. ಹದಿನೇಳು ದಿನ ಹೀಗೇ ಆಯಿತು.

ಇವತ್ತು ಮಧ್ಯಾಹ್ನ ಹದಿನೆಂಟನೆಯದನ್ನು ಹಾಕಿದೆ. ನೀನು ಕೇಳಿ ಸುಮ್ಮನಾದೆ. ಪರದೆಯಲ್ಲಿ ಗೆರೆ ಮಲಗಿತ್ತು. ನಾನು ಕಣ್ಣಾರೆ ನೋಡುತ್ತಿದ್ದೆ, ಅದು ಅಲುಗಲಿಲ್ಲ. ಆದರೆ ಅಂಗೈ ಕೆಳಗೆ ಯಾರೋ ಮಾತಾಡಿದರು, ನಮ್ರತಾ. ಸಣ್ಣಗೆ, ಉದ್ದಕ್ಕೆ, ಅವತ್ತು ಗೇಟಿನ ಹತ್ತಿರ ರಾಜೇಶ್ವರಿ ಹೇಳಿದಷ್ಟು ಉದ್ದಕ್ಕೆ. ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ನಿನ್ನ ಮಕ್ಕಳು ಏನು ಬರೆದುಕೊಂಡಿದ್ದಾರೆ, ಇದನ್ನು ತರುವ ಪರಶುವಿನ ಕೈಯಲ್ಲೇ ಲಗೂ ತಿಳಿಸು. ಕಾರಿಗೆ ಎಣ್ಣೆ ಹಾಕಿಸಿ ಇಟ್ಟಿದ್ದೇನೆ.

ಈ ಸಲ ನಾನು ಹೂಂ ಅನ್ನಲಿಲ್ಲ. ಅಂಗಡಿಯಲ್ಲಿದ್ದ ಆರಿಫ ನನಗೆ ತಲೆ ಕೆಟ್ಟಿತೆಂದು ನೋಡುತ್ತಾ ನಿಂತಿದ್ದ. ಅವನೆದುರಿಗೇ ಸ್ಪೀಕರಿಗೆ ಬಾಯಿ ಹಚ್ಚಿ ದೊಡ್ಡದಾಗಿ ಅಂದೆ, "ನನಗ ಕೇಳಸಲಿಲ್ಲವ್ವಾ ತಂಗಿ. ಇನ್ನೊಮ್ಮೆ ಹೇಳು."

ರಾಘಣ್ಣಮಾಮಾ